ಬಸವನಹುಳು ಮುಟ್ಟಿದ್ರೆ ಮೆದುಳು ಜ್ವರ ಬರ್ತದಾ? ತಲಪಾಡಿ ದಾಟಿದ ಕೂಡಲೇ ಕಳೆದುಹೋಗುವ ಒಂದು ಲೆಕ್ಕ

ಮಳೆ ಹಿಡಿದು ಒಂದು ವಾರ ಆಗುವುದರೊಳಗೆ ಕರ್ನಾಟಕ ಕೇರಳ ಗಡಿಯ ತಲಪಾಡಿ ದಾಟಿದ್ರೆ ಸಿಗುವ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗ್ರೂಪುಗಳಿಗೆ ಅದೇ ಫೋಟೋ ಬಂದು ಬೀಳ್ತದೆ. ಕಾಂಪೌಂಡ್ ಗೋಡೆಗೆ ಸಾಲಾಗಿ ಅಂಟಿಕೊಂಡ ಅಂಗೈಯಗಲದ ಆಫ್ರಿಕನ್ ಬಸವನಹುಳುಗಳು, ಕೆಳಗೆ ಕೆಂಪಕ್ಷರದಲ್ಲಿ "ಮುಟ್ಟಿದರೆ ಸಾವು". ಅದರ ಬೆನ್ನಿಗೇ ಇನ್ನೊಂದು ಫಾರ್ವರ್ಡು, "ಎಲ್ಲ ಸುಳ್ಳು, ಉಪ್ಪು ಹಾಕಿ ಸಾಕು". ಮಲಯಾಳಂ ಚಾನೆಲಿನವರು ಮಸ್ತಿಷ್ಕ ಜ್ವರಂ ಅಂತಾರೆ, ಅದು ಕನ್ನಡ ಪೇಪರಿಗೆ ಬರುವಾಗ ಮೆದುಳು ಜ್ವರ ಆಗ್ತದೆ, ಮೆದುಳು ಜ್ವರ ಅಂದ್ರೆ ಸೊಳ್ಳೆಯಿಂದ ಬರೋದು ಅಂತ ಶಾಲೆಯಲ್ಲಿ ಕಲಿತವರಿಗೆ ಇದು ಎಂತ ಹೊಸ ಕತೆ ಅಂತ ಅನಿಸ್ತದೆ. ಎರಡೂ ಫಾರ್ವರ್ಡುಗಳಲ್ಲಿ ಅರ್ಧರ್ಧ ಸತ್ಯ ಉಂಟು, ಅದಕ್ಕೇ ಇಷ್ಟು ಗೊಂದಲ.

ಒಂದೇ ಹೆಸರು, ನಾಲ್ಕು ಕಾಯಿಲೆ

ಮೊದಲು ಹೆಸರಿನ ಗಲಾಟೆ ಮುಗಿಸುವ. ಮೆದುಳಿಗೋ ಅದರ ಮೇಲಿನ ಪೊರೆಗೋ ಉರಿಯೂತ ಬಂದ್ರೆ ಸುದ್ದಿಯಲ್ಲಿ ಎಲ್ಲವೂ ಮೆದುಳು ಜ್ವರವೇ. ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸಿನದ್ದು, ಅದನ್ನು ತರುವುದು ಕ್ಯೂಲೆಕ್ಸ್ ಸೊಳ್ಳೆ. ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್ ಬೇರೆ, ಅದು ಒಂದೆರಡು ದಿನದಲ್ಲೇ ಮನುಷ್ಯನನ್ನು ಕೆಡವಬಹುದು. 2024 ಮತ್ತು 2025ರಲ್ಲಿ ಕೇರಳ ಇಡೀ ಹೆದರಿದ್ದು ಅಮೀಬಾಕ್ಕೆ. ಅದರಲ್ಲಿ ಹೆಸರುವಾಸಿಯಾದ ನೇಗ್ಲೇರಿಯಾ ಫೌಲೆರಿ ಕೊಳದ ನೀರು ಮೂಗಿಗೆ ನುಗ್ಗಿದಾಗ ಒಳಗೆ ಹೋಗ್ತದೆ, ಅದೇ ನೀರು ಕುಡಿದ್ರೆ ಹೋಗುವುದಿಲ್ಲ.

ಬಸವನಹುಳುವಿನ ಹೆಸರಲ್ಲಿ ಬರುವುದು ನಾಲ್ಕನೆಯದು, ಇಯೊಸಿನೊಫಿಲಿಕ್ ಮೆನಿಂಜೈಟಿಸ್. ಮೈಯೊಳಗೆ ಜಂತು ಹೊಕ್ಕಾಗ ರಕ್ತದಲ್ಲಿ ಇಯೊಸಿನೊಫಿಲ್ ಅನ್ನೋ ಒಂದು ಜಾತಿಯ ಬಿಳಿ ಕಣ ಏರ್ತದಲ್ಲ, ಇಲ್ಲಿ ಅದು ಬೆನ್ನುಹುರಿಯ ನೀರಲ್ಲೇ ಏರ್ತದೆ, ಅದಕ್ಕೇ ಆ ಹೆಸರು. ಮೊದಲ ಮೂರು ಕೊಲ್ಲಬಹುದು, ಇದು ಸಾಮಾನ್ಯವಾಗಿ ಕೊಲ್ಲುವ ಕಾಯಿಲೆ ಅಲ್ಲ. ಹೆಚ್ಚಿನವರು ಗುಣ ಆಗ್ತಾರೆ. ಆದ್ರೆ ವಾರಗಟ್ಟಲೆ ತಲೆ ಒಡೆದುಹೋಗುವ ಹಾಗೆ ನೋಯ್ತದೆ, ಸಣ್ಣ ಮಕ್ಕಳಿಗೆ ಬಂದ್ರೆ ಕೆಲವೊಮ್ಮೆ ಗಂಭೀರವೂ ಆಗ್ತದೆ.

ಜಂತು ಇಲಿಯದ್ದು, ಬಸವನಹುಳು ಬರೀ ಬಾಡಿಗೆ ಮನೆ

ಈ ಜಂತುವಿನ ಹೆಸರು ಆಂಜಿಯೊಸ್ಟ್ರಾಂಜಿಲಸ್ ಕ್ಯಾಂಟೊನೆನ್ಸಿಸ್, ಇಂಗ್ಲಿಷಿನವರು ರ್‍ಯಾಟ್ ಲಂಗ್‌ವರ್ಮ್ ಅಂತಾರೆ. 1935ರಲ್ಲಿ ಚೀನಾದ ಕ್ಯಾಂಟನ್ನಿನ ಇಲಿಗಳಲ್ಲಿ ಮೊದಲು ಕಂಡದ್ದು, ಮನುಷ್ಯನಲ್ಲಿ ಮೊದಲು ಸಿಕ್ಕಿದ್ದು 1945ರಲ್ಲಿ ತೈವಾನಿನಲ್ಲಿ. ಭಾರತಕ್ಕೂ ಇದು ಹೊಸತಲ್ಲ, ಮುಂಬಯಿಯ ಹೆಗ್ಗಣಗಳಲ್ಲಿ 1980ರ ದಶಕದಲ್ಲೇ ಸಿಕ್ಕಿತ್ತು.

ಬೆಳೆದ ಜಂತು ಇರುವುದು ಇಲಿಯ ಶ್ವಾಸಕೋಶದ ರಕ್ತನಾಳದಲ್ಲಿ. ಅಲ್ಲಿ ಮೊಟ್ಟೆ ಒಡೆದು ಮರಿ ಆಗ್ತದೆ, ಮರಿ ಗಂಟಲಿಗೆ ಹತ್ತಿ ಬರ್ತದೆ, ಇಲಿ ಅದನ್ನು ನುಂಗ್ತದೆ, ಹಿಕ್ಕೆಯಲ್ಲಿ ಹೊರಗೆ. ಆ ಹಿಕ್ಕೆಯನ್ನು ಬಸವನಹುಳು ತಿಂದ್ರೆ ಅದರ ಮೈಯಲ್ಲಿ ಎರಡು ಮೂರು ವಾರಕ್ಕೆ ಮರಿ ಇನ್ನೊಂದು ಹಂತಕ್ಕೆ ಬೆಳೀತದೆ, ಆ ಬಸವನಹುಳುವನ್ನು ಇಲಿ ತಿಂದ್ರೆ ಚಕ್ರ ಪೂರ್ತಿ. ಅಂದ್ರೆ ಇಲಿಯ ಸಂಪರ್ಕ ಆಗದ ಬಸವನಹುಳುವಲ್ಲಿ ಈ ಜಂತು ಇರಲಿಕ್ಕೇ ಸಾಧ್ಯ ಇಲ್ಲ. ತಾಯಿಯಿಂದ ಮೊಟ್ಟೆಗೆ ಬರುವ ರೋಗವೂ ಇದಲ್ಲ.

ಮನುಷ್ಯ ಈ ಚಕ್ರದಲ್ಲಿ ದಾರಿ ತಪ್ಪಿ ಹತ್ತಿದ ಬಸ್ಸಿನ ಹಾಗೆ. ಮರಿ ಹೊಟ್ಟೆಯಿಂದ ಮೆದುಳಿನವರೆಗೆ ಹೋಗ್ತದೆ, ಅಲ್ಲಿಂದ ಮುಂದೆ ಹೋಗ್ಲಿಕ್ಕೆ ಆಗದೆ ಅಲ್ಲೇ ಸಾಯ್ತದೆ, ಸತ್ತ ಮರಿಯ ಸುತ್ತ ನಮ್ಮ ಮೈ ಮಾಡುವ ಗಲಾಟೆಯೇ ಕಾಯಿಲೆ. ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ.

ಬಾಯಿಗೆ ಹೋಗುವ ದಾರಿ

ಬಸವನಹುಳು ಚರ್ಮಕ್ಕೆ ತಾಗಿದ ಮಾತ್ರಕ್ಕೆ ಜಂತು ಒಳಗೆ ಹೋಗುವುದಿಲ್ಲ, ಬಾಯಿಗೇ ಹೋಗಬೇಕು. ಹಾಗಾಗಿ "ಮುಟ್ಟಿದರೆ ಸಾವು" ಸುಳ್ಳು. ಆದ್ರೆ ಒಂದೂವರೆ ವರ್ಷದ ಮಗು ಅಂಗಳದಲ್ಲಿ ಅದನ್ನು ಹಿಡಿದು ಆಡಿ ಅದೇ ಕೈ ಬಾಯಿಗೆ ಹಾಕಿದ್ರೆ? ಅಲ್ಲಿ ಅಪಾಯ ಉಂಟು. ಜಜ್ಜಿದ ಹುಳುವಿನದ್ದು ಇನ್ನೂ ಜಾಸ್ತಿ, ಯಾಕಂದ್ರೆ ಮರಿಗಳು ಇರುವುದು ಮಾಂಸದೊಳಗೆ, ಅಂಟಿನಲ್ಲಿ ಸಿಗುವುದು ಕಡಿಮೆ. ಚಪ್ಪಲಿಯಲ್ಲಿ ಮೆಟ್ಟಿ ಕೊಂದೆ ಅಂತ ಖುಷಿಪಡುವವರು ಇದನ್ನು ಗಮನಿಸಬೇಕು.

ಪ್ರಪಂಚದಲ್ಲಿ ದೊಡ್ಡ ಪ್ರಮಾಣದಲ್ಲಿ ಬಂದದ್ದು ಹೆಚ್ಚಾಗಿ ಹಸಿ ಅಥವಾ ಅರೆಬೆಂದ ಬಸವನಹುಳು ತಿಂದಲ್ಲಿ. 2006ರಲ್ಲಿ ಬೀಜಿಂಗಿನಲ್ಲಿ ಹೋಟೆಲಿನ ಅರೆಬೆಂದ ಸಿಹಿನೀರಿನ ಬಸವನಹುಳು ತಿಂದು 160 ಜನ ಮಲಗಿದ್ರು. ನಮ್ಮಲ್ಲಿ ಮಳೆಗಾಲದಲ್ಲಿ ನರ್ತೆ, ಅಂದ್ರೆ ಸಿಹಿನೀರಿನ ಬಸವನಹುಳು, ತಿನ್ನುವವರಿದ್ದಾರೆ, ಅದನ್ನು ಕುದಿಸಿಯೇ ಪದಾರ್ಥ ಮಾಡುವ ಕಾರಣ ಹೆದರಬೇಕಾದ್ದಿಲ್ಲ, ಮೂರರಿಂದ ಐದು ನಿಮಿಷ ಚೆನ್ನಾಗಿ ಕೊತಕೊತ ಕುದಿದ್ರೆ ಮರಿ ಉಳಿಯುವುದಿಲ್ಲ. ದಕ್ಷಿಣ ಭಾರತದ ವೈದ್ಯರು ಉಡದ ಹಸಿ ಮಾಂಸ ತಿಂದವರಲ್ಲಿಯೂ ಈ ಕಾಯಿಲೆ ವರದಿ ಮಾಡಿದ್ದಾರೆ, ಬಸವನಹುಳು ತಿಂದ ಉಡದ ಮೈಯಲ್ಲಿ ಮರಿ ಹಾಗೇ ಕೂತಿರ್ತದೆ. ಸೊಂಟನೋವಿಗೆ ಮದ್ದು ಅಂತ ತಿನ್ನುವವರಿಗೆ ಜೈಲಿನ ದಾರಿಯೂ ಉಂಟು, ಉಡ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿ ಇರುವ ಪ್ರಾಣಿ.

ಹಾಗಾದ್ರೆ ಬಸವನಹುಳುವೂ ತಿನ್ನದ, ಉಡವೂ ಮುಟ್ಟದ ಸಸ್ಯಾಹಾರಿ ಮನೆಗೆ ಎಂತ ತೊಂದರೆ? ಇಲ್ಲಿ ಯಾರೂ ಮಾತಾಡದ ಒಂದು ವಿಷಯ ಉಂಟು: ತಂಬುಳಿ. ಒಂದೆಲಗ, ನಮ್ಮ ತಿಮರೆ, ಬೆಳೆಯುವುದೇ ತೋಟದ ಬದಿಯ ಚಂಡಿ ನೆಲದಲ್ಲಿ, ಕಣಿಯ ಬದಿಯಲ್ಲಿ, ನೆಲಕ್ಕೆ ಅಂಟಿಕೊಂಡು. ಬಸವನಹುಳು ಹಗಲು ಹೊತ್ತು ಅಡಗುವುದೂ ಅಲ್ಲೇ, ಇಲಿ ಓಡಾಡುವುದೂ ಅಲ್ಲೇ. ಉಗುರಿನ ತುದಿಯಷ್ಟಿನ ಮರಿ ಹುಳು ಎಲೆಯ ಹಿಂದಿನ ಗುಳಿಯಲ್ಲಿ ಕೂತರೆ ಕಣ್ಣಿಗೆ ಕಾಣುವುದಿಲ್ಲ, ಒಂದು ಮುಷ್ಟಿ ಎಲೆಯನ್ನು ಬೋಗುಣಿಯಲ್ಲಿ ಅದ್ದಿ ತೆಗೆದು ತೆಂಗಿನಕಾಯಿ ಒಟ್ಟಿಗೆ ಹಸಿಯಾಗಿ ಕಡೆದು ಮಜ್ಜಿಗೆ ಹಾಕಿದ್ರೆ ಆಯ್ತು ಕತೆ. ಮಜ್ಜಿಗೆಯ ಹುಳಿಗೆ, ಉಪ್ಪುನೀರಿಗೆ, ವಿನೆಗರಿಗೆ ಮರಿ ಸಾಯ್ತದೆ ಅಂತ ನಂಬಿ ಕೂರ್ಲಿಕ್ಕೆ ಆಗುವುದಿಲ್ಲ. ಎಲೆಯನ್ನು ಒಂದೊಂದಾಗಿ ಹರಿಯುವ ನೀರಲ್ಲಿ ತೊಳೆದು, ತುಪ್ಪದಲ್ಲಿ ಚೆನ್ನಾಗಿ ಬಾಡಿಸಿ ಆಮೇಲೆ ಕಡೆಯುವ ಮನೆಗಳಲ್ಲಿ ಈ ಚಿಂತೆ ಬಹುತೇಕ ಇಲ್ಲ. ತಂಬುಳಿ ಬಿಡಿ ಅಂತ ಹೇಳುವುದಲ್ಲ ಮಾರಾಯ್ರೆ, ಬಾಣಲೆಗೆ ಹಾಕಿ ಅಂತ ಅಷ್ಟೆ. ಅರ್ಧ ತಿಂದು ಬಿದ್ದ ಬಪ್ಪಂಗಾಯಿ, ಬಳ್ಳಿಯಿಂದ ಕೊಯ್ದು ಅಂಗಿಗೆ ಒರಸಿ ತಿನ್ನುವ ಮುಳ್ಳುಸೌತೆ, ಇವೂ ಅದೇ ಲೆಕ್ಕದಲ್ಲಿ ಬರ್ತವೆ.

ನೀರು ಇನ್ನೊಂದು. ಬಸವನಹುಳು ನೀರಿಗೆ ಬಿದ್ದು ಸತ್ರೆ ಮೈಯಿಂದ ಮರಿಗಳು ನೀರಿಗೆ ಇಳೀತವೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಎಣ್ಮಕಜೆ, ಬಾಯಾರು ಕಡೆ ಗುಡ್ಡದ ಸುರಂಗದ ನೀರು ಪೈಪಲ್ಲಿ ಬಂದು ತೆರೆದ ಟಾಂಕಿಗೆ ಬೀಳ್ತದೆ. ಟಾಂಕಿಯ ಸಿಮೆಂಟ್ ಗೋಡೆ ಬಸವನಹುಳುವಿಗೆ ಭಾರೀ ಇಷ್ಟ, ಚಿಪ್ಪಿಗೆ ಸುಣ್ಣ ಬೇಕಲ್ಲ, ಗೋಡೆಯನ್ನೇ ಕೆರೆದು ತಿನ್ತದೆ. ಟಾಂಕಿಗೆ ಮುಚ್ಚಳ, ಕುಡಿಯುವ ನೀರು ಕುದಿಸುವುದು, ಎರಡೇ ಕೆಲಸ.

ಕಲ್ಕತ್ತಾದಿಂದ ಅಡಿಕೆ ತೋಟಕ್ಕೆ

1847ರಲ್ಲಿ ವಿಲಿಯಂ ಬೆನ್ಸನ್ ಅನ್ನೋ ಚಿಪ್ಪು ಸಂಗ್ರಹದ ಮರುಳಿನ ಬ್ರಿಟಿಷ್ ಅಧಿಕಾರಿ ಮಾರಿಷಸ್ಸಿನಿಂದ ಈ ಆಫ್ರಿಕನ್ ಬಸವನಹುಳುವನ್ನು ಕಲ್ಕತ್ತಾಕ್ಕೆ ತಂದ, ಅಲ್ಲಿನ ಚೌರಂಗಿಯ ತೋಟಕ್ಕೆ ಬಿಟ್ಟದ್ದೇ ನೆವ. ಒಂದೇ ಹುಳುವಲ್ಲಿ ಗಂಡು ಹೆಣ್ಣು ಎರಡೂ ಉಂಟು, ಒಂದು ಸಲಕ್ಕೆ ಇನ್ನೂರರ ಆಸುಪಾಸು ಮೊಟ್ಟೆ, ವರ್ಷಕ್ಕೆ ಹಲವು ಸಲ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಣ್ಣಿನಡಿ ತಿಂಗಳುಗಟ್ಟಲೆ ಮಲಗ್ತದೆ. ಆಮೇಲಿನ ಕೆಲಸ ನಾವೇ ಮಾಡಿದ್ದು: ನರ್ಸರಿಯ ಗಿಡ, ಮರದ ದಿಮ್ಮಿ, ಗೊಬ್ಬರದ ಲೋಡು, ಕೆಂಪುಕಲ್ಲಿನ ಲಾರಿ. ಕೇರಳದಲ್ಲಿ 2018ರ ನೆರೆಯ ಮೇಲೆ ಹಾವಳಿ ಹೆಚ್ಚಾಯ್ತು ಅಂತ ತುಂಬಾ ಕಡೆಯಿಂದ ವರದಿ ಬಂತು.

ಕೊಲ್ಲುವುದಾ, ಬಿಡುವುದಾ, ಹೇಗೆ ಕೊಲ್ಲುವುದು

ಇಲ್ಲಿ ಮೂರು ವಾದ ಉಂಟು. ಕೃಷಿಕರದ್ದು ನೇರ: ಬಾಳೆ, ತರಕಾರಿ, ಅಡಿಕೆಯ ಎಳೆ ಸಸಿ ಎಲ್ಲ ತಿಂದು ಮುಗಿಸ್ತದೆ, ಮದ್ದು ಬಿಟ್ಟು ಕೊಲ್ಲಿ. ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ಹೇಳಿಕೊಟ್ಟ ಮದ್ದು ಈಗ ಎಲ್ಲರ ಬಾಯಲ್ಲಿ ಉಂಟು: 25 ಗ್ರಾಂ ಹೊಗೆಸೊಪ್ಪನ್ನು ಒಂದೂವರೆ ಲೀಟರ್ ನೀರಲ್ಲಿ ಒಂದು ಲೀಟರ್ ಆಗುವವರೆಗೆ ಕುದಿಸಿ, ಬೇರೆಯೇ ಒಂದು ಲೀಟರಲ್ಲಿ 60 ಗ್ರಾಂ ಮೈಲುತುತ್ತು ಕರಗಿಸಿ, ಎರಡನ್ನೂ ಸೇರಿಸಿ ಹುಳುವಿನ ಮೇಲೆ ಸಿಂಪಡಿಸುವುದು. ಕೊಳೆರೋಗಕ್ಕೆ ಮದ್ದು ಬಿಡುವವರ ಮನೆಯಲ್ಲಿ ಮೈಲುತುತ್ತು ಹೇಗೂ ಇರ್ತದೆ.

ಪರಿಸರದವರ ತಕರಾರು ಅಲ್ಲೇ. ಮೈಲುತುತ್ತಿನ ತಾಮ್ರ ಮಣ್ಣಲ್ಲಿ ಉಳೀತದೆ, ತೋಡಿಗೆ ಇಳಿದ್ರೆ ಮೀನಿಗೆ ಕಷ್ಟ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ನಾಯಿ ತಿಂದ್ರೆ ನಾಯಿಯೂ ಸಾಯ್ತದೆ, ಬ್ರಿಟನ್ ಅದರ ಹೊರಾಂಗಣ ಬಳಕೆಯನ್ನು 2022ರಲ್ಲಿ ನಿಲ್ಲಿಸಿತು. ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಸುರಿಸಿಕೊಂಡ ಊರಿದು, ಇಲ್ಲಿ ಯಾರಾದ್ರೂ "ಸ್ಪ್ರೇ ಮಾಡುವ" ಅಂದ್ರೆ ಜನ ಎರಡು ಸಲ ಯೋಚಿಸುವುದರಲ್ಲಿ ತಪ್ಪೇನಿಲ್ಲ. ಇನ್ನೊಂದು, ಪಶ್ಚಿಮ ಘಟ್ಟದ್ದೇ ಆದ ಇಂಡ್ರೆಲ್ಲಾ ಅನ್ನೋ ಕೆಂಪು ಮೈಯ ಬಸವನಹುಳು ಉಂಟು, ಪಾಪದ್ದು, ಆಫ್ರಿಕನ್ ಅಂತ ತಿಳಿದು ಅದನ್ನೂ ಕೊಲ್ತಾರೆ. ಆಫ್ರಿಕನ್ ಹುಳುವಿನ ಚಿಪ್ಪು ಉದ್ದಕ್ಕೆ ಚೂಪಾಗಿ ಕಂದು ಪಟ್ಟೆ ಪಟ್ಟೆ ಇರ್ತದೆ, ಇಂಡ್ರೆಲ್ಲಾದ್ದು ತೆಳು, ಉರುಟು.

ಆರೋಗ್ಯದ ಕಡೆಯವರ ಮಾತು ಮೂರನೆಯದು: ಕಾಯಿಲೆ ಅಪರೂಪ, ಹೆದರಿಸಬೇಡಿ, ಕೈ ತೊಳೆಯಿರಿ, ತರಕಾರಿ ಬೇಯಿಸಿ. ಈ ಮಾತು ಸರಿಯೇ, ಆದ್ರೆ ಅಪರೂಪ ಅಂತ ಹೇಳ್ಬೇಕಾದ್ರೆ ಎಣಿಸಿರಬೇಕಲ್ಲ, ಆ ವಿಷಯಕ್ಕೆ ಆಮೇಲೆ ಬರುವ.

ಈ ಮೂರನ್ನೂ ಒಟ್ಟಿಗೆ ನೋಡಿದ್ರೆ ಹೆಚ್ಚು ತೂಕ ಬರುವುದು ಕೈಯಲ್ಲಿ ಹೆಕ್ಕುವ ಕೆಲಸಕ್ಕೆ. ಒದ್ದೆ ಗೋಣಿಯಲ್ಲಿ ಬಪ್ಪಂಗಾಯಿ ಎಲೆ, ಕ್ಯಾಬೇಜ್ ಎಲೆ ಹಾಕಿ ಸಂಜೆ ಇಟ್ರೆ ರಾತ್ರಿ ಬಂದು ಸೇರ್ತವೆ, ಕೈಗೆ ಪ್ಲಾಸ್ಟಿಕ್ ಹಾಕಿ ಹೆಕ್ಕಿ ದಪ್ಪ ಉಪ್ಪುನೀರಿನ ಬಕೆಟಿಗೆ ಹಾಕಿ, ಸತ್ತ ಮೇಲೆ ಬಾವಿ ತೋಡಿನಿಂದ ದೂರ ಹೂಳುವುದು. ಉಪ್ಪನ್ನು ನೇರ ತೋಟಕ್ಕೆ ಚೆಲ್ಲಿದ್ರೆ ಅಡಿಕೆ ಬುಡಕ್ಕೇ ಹಾನಿ. ಆದ್ರೆ ಒಂದು ದಿನದ ಶ್ರಮದಾನ, ಒಂದು ಗ್ರೂಪ್ ಫೋಟೋ, ಅಷ್ಟರಿಂದ ಎಂತದ್ದೂ ಆಗುವುದಿಲ್ಲ, ಮಣ್ಣಲ್ಲಿ ಮೊಟ್ಟೆ ಇರ್ತದೆ, ಪಕ್ಕದ ತೋಟದವ ಹೆಕ್ಕದಿದ್ರೆ ಹದಿನೈದು ದಿನದಲ್ಲಿ ಪುನಃ ಅಷ್ಟೇ.

ಬೇರೆ ಊರಿನವರು ಎಣಿಸಿದ್ದು ಹೇಗೆ

ಬಸವನಹುಳುವಿನಿಂದ ಬರುವ ಕಾಯಿಲೆಗಳಲ್ಲಿ ಪ್ರಪಂಚಕ್ಕೆ ದೊಡ್ಡದು ಶಿಸ್ಟೊಸೋಮಿಯಾಸಿಸ್, ಅದರ ಜಂತುವೇ ಬೇರೆ. ನೀರಿಗೆ ಇಳಿದ್ರೆ ಸಾಕು, ಮರಿ ಚರ್ಮ ತೂರಿಯೇ ಒಳಗೆ ಹೋಗ್ತದೆ. 2021ರಲ್ಲಿ 25 ಕೋಟಿಗೂ ಹೆಚ್ಚು ಜನಕ್ಕೆ ಅದರ ಮುಂಜಾಗ್ರತೆ ಮದ್ದು ಬೇಕಿತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ, ಹತ್ತರಲ್ಲಿ ಒಂಬತ್ತು ಜನ ಆಫ್ರಿಕದವರು. ನಮಗೆ ಹತ್ತಿರದ್ದು ಅಂದ್ರೆ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಮ್ವಿ, 1952ರಲ್ಲಿ ಗಾಡ್ಗೀಳ್ ಮತ್ತು ಶಾ ಅನ್ನೋ ವೈದ್ಯರು ಅಲ್ಲಿಯ ಜನರ ಮೂತ್ರದಲ್ಲಿ ಅದರ ಮೊಟ್ಟೆ ಕಂಡಿದ್ರು.

ಚೀನಾದಲ್ಲಿ 1950ರ ದಶಕದಲ್ಲಿ ಒಂದು ಕೋಟಿಗೂ ಮೇಲೆ ಜನಕ್ಕೆ ಅದು ಇತ್ತು. ಅವರು ಮನುಷ್ಯರನ್ನು ಮಾತ್ರ ಎಣಿಸಲಿಲ್ಲ, ಮನುಷ್ಯ, ದನ ಎಮ್ಮೆ, ಬಸವನಹುಳು ಮೂರನ್ನೂ ಒಂದೇ ಪುಸ್ತಕದಲ್ಲಿ ಎಣಿಸಿದ್ರು. ಮೂರರಲ್ಲೂ ಸತತ ಐದು ವರ್ಷ ಏನೂ ಸಿಗದಿದ್ರೆ ಮಾತ್ರ ಹರಡುವಿಕೆ ನಿಂತಿತು ಅಂತ ಲೆಕ್ಕ. ಜಪಾನಿನವರು ಯಮನಾಶಿಯ ಗದ್ದೆಯ ಕಣಿಗಳಿಗೆಲ್ಲ ಕಾಂಕ್ರೀಟ್ ಹಾಕಿ ಹುಳುವಿಗೆ ಜಾಗ ಇಲ್ಲದ ಹಾಗೆ ಮಾಡಿ 1996ರಲ್ಲಿ ಮುಗಿಯಿತು ಅಂತ ಘೋಷಿಸಿದ್ರು.

ಅದನ್ನೇ ಇಲ್ಲಿಗೆ ತರಲಿಕ್ಕೆ ಆಗುವುದಿಲ್ಲ. ಅಲ್ಲಿ ಪ್ರಾಜಿಕ್ವಾಂಟೆಲ್ ಮಾತ್ರೆ ಊರಿಗೆಲ್ಲ ಕೊಟ್ರೆ ಜಂತುವಿನ ಚಕ್ರವೇ ಕಡಿಮೆ ಆಗ್ತದೆ, ಯಾಕಂದ್ರೆ ಅದರ ಮೊಟ್ಟೆ ಮನುಷ್ಯನಿಂದ ಹೊರಗೆ ಬರ್ತದೆ. ಇಲ್ಲಿ ಮನುಷ್ಯನಿಂದ ಏನೂ ಹೊರಗೆ ಬರುವುದಿಲ್ಲ, ಹಾಗಾಗಿ ಊರಿಗೆಲ್ಲ ಜಂತುಮಾತ್ರೆ ಹಂಚಿದ್ರೂ ಇಲಿಗೂ ಹುಳುವಿಗೂ ಏನೂ ವ್ಯತ್ಯಾಸ ಇಲ್ಲ. ತರಬೇಕಾದ್ದು ಆ ಎಣಿಸುವ ಕ್ರಮವನ್ನು. ಅಮೆರಿಕದ ಫ್ಲೋರಿಡಾ ನೋಡಿ, 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ತಂದ ಮೂರೇ ಆಫ್ರಿಕನ್ ಹುಳು ಮಯಾಮಿಯಲ್ಲಿ ಸಾವಿರಗಟ್ಟಲೆ ಆಗಿ, ತೆಗೆದು ಮುಗಿಸ್ಲಿಕ್ಕೆ 1975 ಆಯ್ತು. 2011ರಲ್ಲಿ ಪುನಃ ಬಂತು, ನಾಯಿಗಳಿಗೆ ವಾಸನೆ ಕಲಿಸಿ ಹುಡುಕಿ 1.68 ಲಕ್ಷದಷ್ಟು ಹುಳು ಹೆಕ್ಕಿ 2021ರಲ್ಲಿ ಮುಗಿಸಿದ್ರು, 2022ರಲ್ಲಿ ಇನ್ನೊಂದು ಕೌಂಟಿಯಲ್ಲಿ ಮತ್ತೆ ಕಂಡಿತು. ಅಲ್ಲಿ ಹುಳು ಸಿಕ್ಕಿದ ಜಾಗದಿಂದ ಮಣ್ಣು, ಗೊಬ್ಬರ, ಗಿಡ ಪರ್ಮಿಟ್ ಇಲ್ಲದೆ ಹೊರಗೆ ಸಾಗಿಸುವ ಹಾಗಿಲ್ಲ. ಕೇರಳದ ಪೆರ್ಲದಿಂದ ಕರ್ನಾಟಕದ ಅಡ್ಯನಡ್ಕಕ್ಕೆ ಹೋಗುವ ಗೊಬ್ಬರದ ಪಿಕಪ್ಪನ್ನು ಯಾರು ನಿಲ್ಲಿಸಿ ಕೇಳ್ತಾರೆ?

ಗಡಿಯಲ್ಲಿ ಕಳೆಯುವ ಲೆಕ್ಕ

ಅಡಿಕೆ ತೋಟಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಸುಳ್ಯದ ಕಡೆಯಿಂದ ಹರಿದು ಬರುವ ಪಯಸ್ವಿನಿಯೇ ಕಾಸರಗೋಡಿನ ಚಂದ್ರಗಿರಿ, ನೆರೆಯಲ್ಲಿ ಅದು ತರುವ ಮರದ ತುಂಡಿನ ಮೇಲೆ ಎಂತೆಲ್ಲ ಬರ್ತದೆ ಅಂತ ಹೇಳ್ಬೇಕಾದ್ದಿಲ್ಲ. ಗಡಿ ಗೊತ್ತಿರುವುದು ಕಡತಕ್ಕೆ ಮಾತ್ರ.

ಕಾಸರಗೋಡು ಜಿಲ್ಲೆಯ ಪೈವಳಿಕೆಯ ಒಂದು ಮಗುವಿಗೆ ತಲೆನೋವು, ವಾಂತಿ ಅಂತ ಇಟ್ಟುಕೊಳ್ಳಿ. ಮನೆಯವರು ಕರಕೊಂಡು ಹೋಗುವುದು ಎಲ್ಲಿಗೆ? ಮಂಗಳೂರಿಗೆ. 2020ರ ಲಾಕ್‌ಡೌನಲ್ಲಿ ಕರ್ನಾಟಕ ಗಡಿ ರಸ್ತೆಗೆ ಮಣ್ಣು ಸುರಿದಾಗ ಆ ದಾರಿ ಮುಚ್ಚಿದ್ರೆ ಕಾಸರಗೋಡಿನ ರೋಗಿಗಳ ಪಾಡು ಎಂತ ಅಂತ ಸುಪ್ರೀಂ ಕೋರ್ಟಿನವರೆಗೆ ಹೋಯ್ತು. ಆಸ್ಪತ್ರೆಯಲ್ಲಿ ಬೆನ್ನಿನ ನೀರು ತೆಗೀತಾರೆ. ಲ್ಯಾಬಿನಲ್ಲಿ ಅದನ್ನು ಬಣ್ಣ ಹಾಕದೆ ಬರೀ ಚೇಂಬರಿನಲ್ಲಿ ಎಣಿಸಿದ್ರೆ ಬಿಳಿ ಕಣ ಇಷ್ಟು ಅಂತ ಬರ್ತದೆ, ಆದ್ರೆ ಯಾವ ಜಾತಿಯದ್ದು ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ರಿಪೋರ್ಟಲ್ಲಿ ನ್ಯೂಟ್ರೊಫಿಲ್ ಇಷ್ಟು, ಲಿಂಫೊಸೈಟ್ ಇಷ್ಟು ಅಂತ ಎರಡೇ ಸಾಲು ಇದ್ರೆ ಇಯೊಸಿನೊಫಿಲ್ ಆ ಎರಡರಲ್ಲಿ ಎಲ್ಲಿಯೋ ಸೇರಿ ಹೋಗ್ತದೆ. ಗೀಮ್ಸಾದಂಥ ಬಣ್ಣ ಹಾಕಿ ನೋಡಿ ನೂರರಲ್ಲಿ ಹತ್ತಕ್ಕಿಂತ ಹೆಚ್ಚು ಇಯೊಸಿನೊಫಿಲ್ ಇದ್ರೆ ಇದೇ ಜಂತು ಇರಬಹುದು ಅಂತ ಸಂಶಯ. ಜಂತುವಿನ ಮರಿಯೇ ಆ ನೀರಲ್ಲಿ ಸಿಗುವುದು ತೀರಾ ಅಪರೂಪ, ಖಚಿತ ಮಾಡ್ಲಿಕ್ಕೆ ಪಿಸಿಆರ್ ಬೇಕು, ಅದು ಎಲ್ಲ ಕಡೆ ಇಲ್ಲ.

ಇಷ್ಟೆಲ್ಲ ಆಗಿ ಗೊತ್ತಾದ್ರೂ ಬರೆಯುವುದು ಎಲ್ಲಿ? ದೇಶದ ರೋಗ ಕಣ್ಗಾವಲು ಯೋಜನೆ, ಐಡಿಎಸ್‌ಪಿ, 2004ರಿಂದ ಉಂಟು, ವೈದ್ಯರು ತುಂಬುವ ಅದರ ಪಿ ಫಾರ್ಮಿನಲ್ಲಿ ಮೆನಿಂಜೈಟಿಸ್ ಅಂತ ಒಂದೇ ಸಾಲು. ಬ್ಯಾಕ್ಟೀರಿಯಾದ್ದೂ ಅದರಲ್ಲೇ, ಜಂತುವಿನದ್ದೂ ಅದರಲ್ಲೇ. ಮೇಲಿಂದ ರೋಗಿ ಕೇರಳದವರು, ಆಸ್ಪತ್ರೆ ಕರ್ನಾಟಕದ್ದು. ಮಂಗಳೂರಿಂದ ಪೈವಳಿಕೆಯ ಆರೋಗ್ಯ ಕೇಂದ್ರಕ್ಕೆ ಫೋನು ಬಂದು, ಅಲ್ಲಿಂದ ಜೆಪಿಎಚ್‌ಎನ್, ಅಂದ್ರೆ ಊರಿನ ಆರೋಗ್ಯ ನರ್ಸ್, ಆ ಮನೆಗೆ ಹೋಗಿ ಟಾಂಕಿ ನೋಡಿ, ತೋಟದ ಹತ್ತು ಬಸವನಹುಳು ಹೆಕ್ಕಿ ಪರೀಕ್ಷೆಗೆ ಕಳಿಸಿದ್ರೆ ಮಾತ್ರ ಅದು ಕಣ್ಗಾವಲು. ಇಲ್ಲದಿದ್ರೆ ಬರೀ ಡಿಸ್ಚಾರ್ಜ್ ಸಮ್ಮರಿ.

ಇನ್ನು ಬಸವನಹುಳು ಕೃಷಿಭವನದ ವಿಷಯ, ಇಲಿ ಪಂಚಾಯತಿನ ವಿಷಯ, ತಲೆನೋವು ಆರೋಗ್ಯ ಇಲಾಖೆಯ ವಿಷಯ. ಇಲಿಜ್ವರಕ್ಕೆ ಅಂತ ಕೇರಳದಲ್ಲಿ ಪ್ರತಿ ಮಳೆಗಾಲ ಡಾಕ್ಸಿಸೈಕ್ಲಿನ್ ಹಂಚ್ತಾರೆ, ಇಲಿ ಹಿಡಿಯಿರಿ ಅಂತ ಬೋಧನೆಯೂ ಆಗ್ತದೆ. ಅದೇ ಇಲಿ ಇದಕ್ಕೂ ಮೂಲ. ಆ ಕೆಲಸಕ್ಕೇ ಇದನ್ನೂ ಕಟ್ಟಿದ್ರೆ ಹೊಸ ಖರ್ಚು ಹೆಚ್ಚಿಲ್ಲ. ನೋಟೀಸು ಮಾತ್ರ ಮಲಯಾಳಂ ಒಂದರಲ್ಲೇ ಬಂದ್ರೆ ಮಂಜೇಶ್ವರದ ಅಜ್ಜಿ ಅದನ್ನು ಓದುವುದಿಲ್ಲ, ವಾಟ್ಸಾಪಿನ ಕೆಂಪಕ್ಷರವನ್ನೇ ಓದ್ತಾರೆ. ಕನ್ನಡದವರು ಕನ್ನಡದಲ್ಲೇ ಸರ್ಕಾರಕ್ಕೆ ಬರೆಯಬಹುದು ಅಂತ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಉಂಟು, ಕೈ ತೊಳೆಯುವ ನೋಟೀಸಿಗಾದ್ರೂ ಅದು ಅನ್ವಯ ಆಗ್ಲಿ.

ಹೀಗೇ ಬಿಟ್ರೆ

ದೊಡ್ಡ ಸಾಂಕ್ರಾಮಿಕ ಆಗುವ ಕಾಯಿಲೆ ಅಲ್ಲ ಇದು. ಅಲ್ಲೊಂದು ಇಲ್ಲೊಂದು ಮಗುವಿಗೆ ಬರ್ತದೆ, ಯಾವುದೋ ವೈರಲ್ ಅಂತ ಹೆಸರು ಸಿಗ್ತದೆ. ಎಣಿಕೆಯಲ್ಲಿ ಬರದ ಕಾರಣ ದುಡ್ಡು ಬರುವುದಿಲ್ಲ, ದುಡ್ಡು ಬರದ ಕಾರಣ ಪರೀಕ್ಷೆ ಆಗುವುದಿಲ್ಲ, ಪರೀಕ್ಷೆ ಆಗದ ಕಾರಣ ಎಣಿಕೆಯಲ್ಲಿ ಬರುವುದಿಲ್ಲ. ಇನ್ನೊಂದು ಕಡೆ ಹೆದರಿದ ಜನ ಮೈಲುತುತ್ತು ಸುರಿಯುವುದು ಹೆಚ್ಚಾಗ್ತದೆ. ಗಡಿಯ ಒಂದು ಬದಿ ಹೆಕ್ಕಿ ಇನ್ನೊಂದು ಬದಿ ಬಿಟ್ರೆ ಎರಡೂ ಬದಿಯ ಕೂಲಿ ನಷ್ಟ. ಎಣ್ಮಕಜೆ ಪಂಚಾಯತೂ ಬಂಟ್ವಾಳದ ಪಕ್ಕದ ಪಂಚಾಯತೂ ಜೂನಿನಲ್ಲಿ ಒಂದೇ ವಾರ ಹೆಕ್ಕಿದ್ರೆ, ಹದಿನೈದು ದಿನ ಬಿಟ್ಟು ಪುನಃ ಹೆಕ್ಕಿದ್ರೆ, ವಿಷಯ ಬೇರೆ. ಅದಕ್ಕೆ ಎರಡು ರಾಜ್ಯದ ಮಂತ್ರಿಗಳು ಬೇಕಾಗಿಲ್ಲ, ಇಬ್ಬರು ಪಂಚಾಯತ್ ಅಧ್ಯಕ್ಷರ ಫೋನ್ ನಂಬರ್ ಸಾಕು.

ತಲೆನೋವು ಬಂದ್ರೆ

ಜಂತು ಹೊಟ್ಟೆಗೆ ಹೋದ ಮೇಲೆ ಹೆಚ್ಚಾಗಿ ಒಂದರಿಂದ ಮೂರು ವಾರಕ್ಕೆ ಲಕ್ಷಣ ಶುರು: ಜೋರು ತಲೆನೋವು, ವಾಂತಿ, ಕುತ್ತಿಗೆ ಬಿಗಿತ, ಚರ್ಮದಲ್ಲಿ ಸೂಜಿ ಚುಚ್ಚಿದ ಹಾಗೆ, ಬಟ್ಟೆ ತಾಗಿದ್ರೂ ಉರಿ. ಜ್ವರ ಕಡಿಮೆ ಇರಬಹುದು. ಬೆನ್ನಿನ ನೀರು ತೆಗೆಯುವುದಕ್ಕೆ ನಮ್ಮವರು ತುಂಬಾ ಹೆದರ್ತಾರೆ, ಕೈಕಾಲು ಬಿದ್ದುಹೋಗ್ತದೆ ಅಂತ, ಆದ್ರೆ ಇಲ್ಲಿ ಅದು ಪರೀಕ್ಷೆಯೂ ಹೌದು ಮದ್ದೂ ಹೌದು, ಒತ್ತಡ ಇಳಿದ ಕೂಡಲೇ ತಲೆನೋವು ಕಡಿಮೆ ಆಗ್ತದೆ. ಊತ ಇಳಿಸ್ಲಿಕ್ಕೆ ಸ್ಟೀರಾಯ್ಡ್ ಕೊಡ್ತಾರೆ. ಆಲ್ಬೆಂಡಜೋಲ್ ಅನ್ನೋ ಜಂತುಮಾತ್ರೆ ಕೊಡಬೇಕಾ ಬೇಡವಾ ಅಂತ ವೈದ್ಯರಲ್ಲೇ ಎರಡು ಅಭಿಪ್ರಾಯ, ಮರಿಗಳು ಮೆದುಳಲ್ಲಿ ಒಟ್ಟಿಗೆ ಸತ್ರೆ ಉರಿಯೂತ ಹೆಚ್ಚಾದೀತು ಅಂತ ಒಂದು ಕಡೆ, ಬೇಗ ಕೊಟ್ರೆ ಪ್ರಯೋಜನ ಅಂತ ಇನ್ನೊಂದು ಕಡೆ, ಹಾಗಾಗಿ ಮೆಡಿಕಲಿನಿಂದ ತಂದು ನೀವೇ ಕೊಡಬೇಡಿ. ಕ್ಯಾಶುವಾಲ್ಟಿಯಲ್ಲಿ ಡಾಕ್ಟರು ಸೊಳ್ಳೆ ಕೇಳ್ತಾರೆ, ಕೊಳದಲ್ಲಿ ಈಜಿದ್ದು ಕೇಳ್ತಾರೆ, ಬಸವನಹುಳು ಕೇಳುವುದಿಲ್ಲ. ಮಗು ಅದನ್ನು ಹಿಡಿದು ಆಡಿತ್ತು, ಮೊನ್ನೆ ಹಸಿ ತಂಬುಳಿ ಮಾಡಿದ್ವಿ, ಟಾಂಕಿಯಲ್ಲಿ ಸತ್ತ ಹುಳು ಇತ್ತು, ಇದ್ದದ್ದನ್ನು ನೀವೇ ಹೇಳಿ, ರಿಪೋರ್ಟ್ ಬಂದ ಮೇಲೆ ಇಯೊಸಿನೊಫಿಲ್ ಎಷ್ಟು ಅಂತಲೂ ಕೇಳಿ.